‘ನಾಳೆ ಬಾ’ ಎಂದರೆ ಬರಬೇಡ

1990ರ ದಶಕದಲ್ಲಿ ನಾವು ಹಾಸನದಲ್ಲಿ ಬಾಡಿಗೆಗಿದ್ದ ಬೀದಿಯ ಮನೆಗಳ ಬಾಗಿಲುಗಳ ಮೇಲೆ ಒಂದು ದಿನ ಬೆಳಗಾಗುವಷ್ಟರಲ್ಲಿ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ಕೆಲವರು ಸೀಮೆಸುಣ್ಣದಲ್ಲಿ, ಕೆಲವರು ಇದ್ದಿಲಿನಲ್ಲಿ ಬರೆದಿದ್ದರು. ಎದುರು ಮನೆಯವರು ಮಾತ್ರ ಅರಿಸಿನ ಕಲಸಿ ದಪ್ಪ ಅಕ್ಷರಗಳಲ್ಲಿ ಬರೆದು, ಪಕ್ಕಕ್ಕೊಂದು ಕುಂಕುಮದ ಬೊಟ್ಟನ್ನೂ ಇಟ್ಟಿದ್ದರು. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬಂದು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟು ಬಾಗಿಲು ತೆಗೆದವರು ಉಳಿಯುವುದಿಲ್ಲ ಎಂಬ ಸುದ್ದಿ ರಾಜ್ಯದ ಎಷ್ಟೋ ಊರುಗಳಲ್ಲಿ ಹಬ್ಬಿದ್ದ ಕಾಲ ಅದು. ಬರಹವನ್ನು ಓದಿದ ದೆವ್ವ ‘ಸರಿ, ನಾಳೆ ಬರೋಣ’ ಎಂದು ಹಿಂದಿರುಗುತ್ತದೆ, ಮರುದಿನ ಬಂದರೆ ಅದೇ ಬರಹ ಇರುತ್ತದೆ, ಮತ್ತೆ ಹಿಂದಿರುಗುತ್ತದೆ. ಬೇಲೂರು ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಗಿದ್ದ ಅಜ್ಜಿ, ಅಪ್ಪ ಕುರ್ಚಿ ಹತ್ತಿ ಬರೆಯುವುದನ್ನು ನೋಡುತ್ತಾ, “ನಂಗೇ ಓದಕ್ಕೆ ಬರಲ್ಲ, ಅದು ಯಾವ ಇಸ್ಕೂಲಿಗೆ ಹೋಗಿತ್ತೋ ಕಾಣೆ” ಎಂದಿದ್ದರು.

ಅಜ್ಜಿಯ ಸಂದೇಹ ದೆವ್ವಕ್ಕೆ ಓದಲು ಬರುತ್ತದೆಯೇ ಎಂಬುದಾಗಿತ್ತು. ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಲು ತೊಡಗಿದ ಮೇಲೆ, ಕೇಳಬೇಕಾದದ್ದು ಅದು ಹೇಗೆ ಓದುತ್ತದೆ ಎಂದು, ಎಂಬುದು ನನಗೆ ಹೊಳೆಯಿತು. ಇಡೀ ಬೀದಿಯಲ್ಲಿ ‘ನಾಳೆ ಬಾ’ ಎಂದರೆ ‘ಎಂದಿಗೂ ಬರಬೇಡ’ ಎಂದು ತಿಳಿಯದ ಮನುಷ್ಯರು ಒಬ್ಬರೂ ಇರಲಿಲ್ಲ. ತಿಳಿಯದೆ ಇದ್ದದ್ದು ದೆವ್ವಕ್ಕೆ ಮಾತ್ರ. ಅದಕ್ಕೆ ಪದಗಳ ನೇರ ಅರ್ಥ ಗೊತ್ತು, ಅದರಾಚೆಗೆ ಏನೂ ಗೊತ್ತಿಲ್ಲ. ಆ ಅಜ್ಞಾನದ ಮೇಲೆಯೇ ನಮ್ಮೆಲ್ಲರ ಪ್ರಾಣ ನಿಂತಿತ್ತು. ಬೀದಿಯ ಮೂಲೆಯ ದಿನಸಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಸಾಲ’ ಎಂಬ ಬೋರ್ಡು ತೂಗುತ್ತಿತ್ತಷ್ಟೆ. ಅಲ್ಲಿಯೂ ಹೂಡಿದ ತಂತ್ರ ಇದೇ, ಆದರೆ ಓದುಗರು ಬೇರೆ. ಆ ಬೋರ್ಡನ್ನು ಓದಿ ಮರುದಿನ ಚೀಲ ಹಿಡಿದು ಸಾಲಕ್ಕೆ ಬಂದವರನ್ನು ನಾನು ಕಂಡಿಲ್ಲ. ಯಾರಾದರೂ ಬಂದಿದ್ದರೆ ಅಂಗಡಿಯವರು ಅವರನ್ನು ಕುಚೋದ್ಯದವರೆಂದು ತಿಳಿಯುತ್ತಿದ್ದರೇ ಹೊರತು ಅಕ್ಷರಸ್ಥರೆಂದಲ್ಲ.

ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿದ್ದ ಕಾವ್ಯಮೀಮಾಂಸಕ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಎತ್ತಿಕೊಳ್ಳುವ ಒಂದು ಪ್ರಾಕೃತ ಗಾಥೆ ಈ ಬಾಗಿಲ ಬರಹಕ್ಕೆ ಅಣ್ಣತಮ್ಮನಂತಿದೆ. ಹೂ ಕೊಯ್ಯಲು ಬರುವ ಒಬ್ಬ ಧಾರ್ಮಿಕನಿಗೆ ಹೆಣ್ಣೊಬ್ಬಳು ಹೇಳುತ್ತಾಳೆ: ಇನ್ನು ನೀನು ನಿಶ್ಚಿಂತೆಯಿಂದ ತಿರುಗಾಡು, ನಿನ್ನನ್ನು ಕಾಡುತ್ತಿದ್ದ ಆ ನಾಯಿಯನ್ನು ಗೋದಾವರಿಯ ದಡದ ಪೊದೆಯಲ್ಲಿರುವ ಸೊಕ್ಕಿದ ಸಿಂಹ ಇವತ್ತು ಕೊಂದುಹಾಕಿತು. ಮಾತು ‘ತಿರುಗಾಡು’ ಎನ್ನುತ್ತದೆ, ಅರ್ಥ ‘ಇತ್ತ ಸುಳಿಯಬೇಡ’ ಎನ್ನುತ್ತದೆ, ಏಕೆಂದರೆ ಅದು ಅವಳು ತನ್ನ ಪ್ರಿಯನನ್ನು ಕಾಣುವ ಜಾಗ. ವಾಚ್ಯದಲ್ಲಿ ವಿಧಿ, ವ್ಯಂಗ್ಯದಲ್ಲಿ ನಿಷೇಧ. ಪದದ ನೇರ ಅರ್ಥ ವಾಚ್ಯಾರ್ಥ. ಅದು ಹೊಂದದಿದ್ದಾಗ ಅದಕ್ಕೆ ಅಂಟಿಕೊಂಡ ಇನ್ನೊಂದನ್ನು ಹಿಡಿಯುವುದು ಲಕ್ಷ್ಯಾರ್ಥ. ಎರಡನ್ನೂ ಮೀರಿ ಕೇಳುವವರ ಮನಸ್ಸಿನಲ್ಲಿ ಹೊಳೆಯುವುದು ವ್ಯಂಗ್ಯಾರ್ಥ, ಅದೇ ಧ್ವನಿ. ಹೆಚ್ಚು ಕಡಿಮೆ ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ವೂ ಧ್ವನಿಯ ಹೆಸರೆತ್ತುತ್ತದೆ, ಆದರೆ ಅದನ್ನು ಅಲಂಕಾರಗಳ ಸಾಲಿನಲ್ಲಿ ಒಂದಾಗಿ ಕೂರಿಸಿ ಮುಂದೆ ಹೋಗುತ್ತದೆ. ಇದನ್ನೆಲ್ಲ ಪಾಠ ಮಾಡುವಾಗ ನಾನೂ ಎಲ್ಲ ಮೇಷ್ಟರಂತೆ ವಾಚ್ಯಾರ್ಥವನ್ನು ಕೆಳಗಿನ ಮೆಟ್ಟಿಲೆಂದೂ ಧ್ವನಿಯನ್ನು ಉಪ್ಪರಿಗೆಯೆಂದೂ ಹೇಳುತ್ತಿದ್ದೆ. ಮೆಟ್ಟಿಲನ್ನು ಹತ್ತಿ ಬಿಟ್ಟುಬಿಡಬೇಕು, ಅಲ್ಲಿಯೇ ನಿಂತವನು ದಡ್ಡ.

ಆ ಪಾಠ ನನ್ನ ಕೈಯಲ್ಲೇ ಮುರಿದದ್ದು ಲಕ್ಷಣೆಗೆ, ಅಂದರೆ ಲಕ್ಷ್ಯಾರ್ಥವನ್ನು ಹಿಡಿಯುವ ಬಗೆಗೆ, ಎಲ್ಲರೂ ಕೊಡುವ ಹಳೆಯ ಉದಾಹರಣೆಯಿಂದ. ‘ಗಂಗಾಯಾಂ ಘೋಷಃ’, ಅಂದರೆ ಗಂಗೆಯಲ್ಲಿ ಹಟ್ಟಿ. ನದಿಯ ನೀರಿನ ಮೇಲೆ ಹಟ್ಟಿ ಇರಲು ಸಾಧ್ಯವಿಲ್ಲ, ಆದ್ದರಿಂದ ಮುಖ್ಯಾರ್ಥಕ್ಕೆ, ಅಂದರೆ ನೇರ ಅರ್ಥಕ್ಕೆ, ಬಾಧೆ ಬಂದು ಗಂಗೆಯೆಂದರೆ ಗಂಗೆಯ ದಡ ಎಂದು ತಿಳಿಯಬೇಕು, ಜೊತೆಗೆ ಆ ಹಟ್ಟಿಯ ತಂಪು ಮತ್ತು ಪಾವನತ್ವ ಧ್ವನಿಸುತ್ತವೆ ಎಂದು ಶಾಸ್ತ್ರ ವಿವರಿಸುತ್ತದೆ. ಒಮ್ಮೆ ತರಗತಿಯಲ್ಲಿ ಇದನ್ನು ಹೇಳಿ, “ಹೊಳೆಯೊಳಗೆ ಊರು ಇರಲು ಆಗುತ್ತದೆಯೇನ್ರಪ್ಪಾ?” ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ನಮ್ ತಾತನ ಊರು ಹೊಳೇಲೇ ಇದೆ ಸಾರ್” ಎಂದ. ತರಗತಿ ನಕ್ಕಿತು. ಅವನು ನಗಲಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹಿನ್ನೀರು ಹರಡಿಕೊಂಡ ಹಾಗೆ ಊರುಗಳು, ಗದ್ದೆಗಳು, ಗುಡಿಗಳು ಅದರೊಳಗೆ ಹೋದವು, ಜನ ಬೇರೆ ಕಡೆಗೆ ಹೋದರು. ಆ ಹುಡುಗನ ಮಾತಿನಲ್ಲಿ ಮುಖ್ಯಾರ್ಥಕ್ಕೆ ಯಾವ ಬಾಧೆಯೂ ಇರಲಿಲ್ಲ. ಅವನ ತಾತನ ಹಟ್ಟಿ ನಿಜವಾಗಿ ಹೊಳೆಯಲ್ಲಿತ್ತು. ಲಕ್ಷಣೆಯನ್ನು ಹುಡುಕಿಕೊಂಡು ದಡಕ್ಕೆ ಹೋಗಿ ನಿಂತಿದ್ದವನು ನಾನು.

ಅದೇ ಹಿನ್ನೀರಿನ ಅಂಚಿನಲ್ಲಿ ಶೆಟ್ಟಿಹಳ್ಳಿಯ ಚರ್ಚಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ, ಈಗ ಚಾವಣಿಯಿಲ್ಲದ, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಮತ್ತೆ ನೆಲಕ್ಕೆ ಬರುವ ಕಟ್ಟಡ. ಅದು ಏನು ಎಂದು ಕೇಳಿದರೆ ಗಾರೆ, ಇಟ್ಟಿಗೆ, ಕಮಾನು. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳಲು ಬೆಂಗಳೂರಿನಿಂದ ಬರುವ ಜೋಡಿಗಳಿಗೆ ಅದು ಪ್ರೀತಿ, ಏಕಾಂತ, ಎಲ್ಲೋ ದೂರದ ದೇಶದ ಹಳೆಯ ಕಾಲ. ಅಲ್ಲಿ ಹೆಸರಿಡಿಸಿಕೊಂಡು, ಅಲ್ಲಿಯೇ ಮದುವೆಯಾಗಿ, ನಂತರ ಸಾಮಾನು ಕಟ್ಟಿಕೊಂಡು ಹೊರಟ ಕುಟುಂಬಗಳಿಗೆ ಅದು ಊರು ಇದ್ದದ್ದಕ್ಕೆ ನೀರಿನ ಮೇಲೆ ಉಳಿದ ಸಾಕ್ಷಿ. ಇವೆರಡರಲ್ಲಿ ಯಾವುದು ಸರಿ ಎಂದು ನಾನು ಕೇಳುತ್ತಿಲ್ಲ. ಎರಡನೆಯದನ್ನು ಅರಿಯದೆ ಮೊದಲನೆಯದು ಇಷ್ಟು ಸಲೀಸಾಗಿ ಕಟ್ಟಿಕೊಳ್ಳುತ್ತದಲ್ಲ, ಅದು ನನ್ನನ್ನು ಕಾಡುತ್ತದೆ. ಸುಂದರವಾಗಿ ಕಾಣಲು ಆ ಚರ್ಚು ತನ್ನ ಊರನ್ನು ಮರೆಯಬೇಕಾಯಿತು.

ಹೀಗೆ ಮರೆಯುವ ಬಗೆಯನ್ನು ಕುರಿತು ನನಗೆ ಹೆಚ್ಚು ಕಲಿಸಿದವನು ಆನಂದವರ್ಧನನಲ್ಲ, ಫ್ರೆಂಚ್ ಲೇಖಕ ರೋಲಾಂ ಬಾರ್ತ್. ಪದಕ್ಕೂ ಅದು ಸೂಚಿಸುವ ಪರಿಕಲ್ಪನೆಗೂ ಹುಟ್ಟುನಂಟು ಇಲ್ಲ, ಜನರ ನಡುವಿನ ಒಪ್ಪಂದವಷ್ಟೇ ಇದೆ ಎಂದು ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ ಸಸ್ಯೂರ್ ಹೇಳಿದ ಪಾಠಗಳು ಅವನು ತೀರಿಕೊಂಡ ಮೇಲೆ, 1916ರಲ್ಲಿ, ಪುಸ್ತಕವಾದವು. ಬಾರ್ತ್ ಅಲ್ಲಿಂದ ಮುಂದಕ್ಕೆ ಹೋಗಿ, 1957ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಒಂದು ಉದಾಹರಣೆ ಕೊಡುತ್ತಾನೆ. ಕ್ಷೌರದಂಗಡಿಯಲ್ಲಿ ಅವನ ಕೈಗೆ ಬಂದ ವಾರಪತ್ರಿಕೆಯೊಂದರ ಮುಖಪುಟದಲ್ಲಿ, ಫ್ರೆಂಚ್ ಸಮವಸ್ತ್ರ ತೊಟ್ಟ ಕರಿಯ ಹುಡುಗನೊಬ್ಬ ಕಣ್ಣೆತ್ತಿ ಸೆಲ್ಯೂಟ್ ಮಾಡುತ್ತಿದ್ದಾನೆ. ಚಿತ್ರದ ನೇರ ಅರ್ಥ ಅಷ್ಟೇ. ಆದರೆ ಫ್ರಾನ್ಸ್ ಒಂದು ದೊಡ್ಡ ಸಾಮ್ರಾಜ್ಯ, ಅದರ ಮಕ್ಕಳೆಲ್ಲರೂ ಬಣ್ಣದ ಭೇದವಿಲ್ಲದೆ ಅದರ ಬಾವುಟದ ಸೇವೆ ಮಾಡುತ್ತಾರೆ ಎಂದು ಅದು ಹೇಳುತ್ತಿದೆ. ಹಾಗೆ ಹೇಳುವಾಗ ಆ ಹುಡುಗ ಯಾರು, ಎಲ್ಲಿಯವನು, ಹೇಗೆ ಅಲ್ಲಿಗೆ ಬಂದ ಎಂಬುದೆಲ್ಲ ಬರಿದಾಗುತ್ತದೆ. ಇತಿಹಾಸದಲ್ಲಿ ಯಾರೋ ಮಾಡಿದ್ದು ಮೊದಲಿನಿಂದಲೂ ಹಾಗೆಯೇ ಇದ್ದಂತೆ ತೋರುವುದನ್ನು ಬಾರ್ತ್ ಪುರಾಣವೆಂದು ಕರೆದ.

ಬೇಲೂರಿನ ಗುಡಿಯ ಮುಂದೆ ನಿಂತು ಸಳನು ಸಿಂಹವನ್ನು ಇರಿಯುವ ಶಿಲ್ಪವನ್ನು ನೋಡುವಾಗ ನನಗೆ ಈ ಮಾತು ನೆನಪಾಗುತ್ತದೆ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಹಿಂದಿನ ಸೊಸೆವೂರಿನಲ್ಲಿ, ಜೈನ ಮುನಿ ‘ಪೊಯ್ ಸಳ’ ಎಂದದ್ದರಿಂದ ವಂಶಕ್ಕೆ ಹೆಸರು ಬಂತೆಂಬ ಕಥೆಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ವಿಷ್ಣುವರ್ಧನ 1116ರಲ್ಲಿ ತಲಕಾಡಿನಲ್ಲಿ ಚೋಳರನ್ನು ಗೆದ್ದ, ಚೋಳರ ಲಾಂಛನ ಹುಲಿ, 1117ರಲ್ಲಿ ಬೇಲೂರಿನ ಗುಡಿಯ ಪ್ರತಿಷ್ಠೆಯಾಯಿತು; ಆದ್ದರಿಂದ ಇರಿತಕ್ಕೊಳಗಾದ ಆ ಮೃಗ ಚೋಳರೇ ಎಂದು ವಾದಿಸುವ ವಿದ್ವಾಂಸರಿದ್ದಾರೆ. ಅವರ ಮಾತು ನಿಜವಾದರೆ, ಒಂದು ಯುದ್ಧದ ಗೆಲುವಿನ ಹೆಮ್ಮೆ ವಂಶದ ಹುಟ್ಟಿನ ಕಥೆಯಾಗಿ ಕುಳಿತಿದೆ. ಈಗ ಬೆಂಗಳೂರಿನಲ್ಲಿ ‘ಹೊಯ್ಸಳ ಬಂತು’ ಎಂದರೆ ಪೊಲೀಸ್ ಗಾಡಿ ಬಂತು ಎಂದು ಅರ್ಥ. ಚಿಹ್ನೆಗೆ ತನ್ನ ಹುಟ್ಟೂರಿನ ಹಂಗು ಎಷ್ಟು ಕಡಿಮೆ ನೋಡಿ.

ಆನಂದವರ್ಧನ ಮತ್ತು ಬಾರ್ತ್ ಇಬ್ಬರೂ ಮಾತಿನ ಹಿಂದಿನ ಮಾತನ್ನು ಕೇಳಿಸಿಕೊಂಡವರೇ, ಆದರೆ ಅವರ ಕಿವಿಗಳು ಬೇರೆ. ಒಬ್ಬ ಅದನ್ನು ಸಹೃದಯನ ಸಂತೋಷವೆಂದು ತಿಳಿದ, ಇನ್ನೊಬ್ಬ ಅದನ್ನು ಕಂಡರೆ ಕಳ್ಳನನ್ನು ಕಂಡಂತೆ ಎಚ್ಚರಾಗುತ್ತಿದ್ದ. ಕಾವ್ಯ ಓದುವಾಗ ನಾನು ಮೊದಲನೆಯವನ ಕಡೆ, ಊರಿನಲ್ಲಿ ಓಡಾಡುವಾಗ ಎರಡನೆಯವನ ಕಡೆ. ಆನಂದವರ್ಧನನಿಗೆ ಅನ್ಯಾಯವಾಗಬಾರದು ಎಂದು ಇನ್ನೊಂದು ಮಾತನ್ನೂ ಹೇಳಬೇಕು. ಬೆಳಕು ಬೇಕಾದವನು ದೀಪದ ಕುಡಿಯನ್ನು ಜತನ ಮಾಡುವಂತೆ ಧ್ವನಿಯನ್ನು ಬಯಸುವವನು ವಾಚ್ಯಾರ್ಥವನ್ನು ಜತನ ಮಾಡಬೇಕು ಎಂದು ಅವನೇ ಬರೆದಿದ್ದಾನೆ. ಮೆಟ್ಟಿಲು, ಉಪ್ಪರಿಗೆ ಎಂದದ್ದು ನಾನು ಮತ್ತು ನನ್ನಂಥ ಮೇಷ್ಟರುಗಳು. ಮೆಟ್ಟಿಲನ್ನು ಹತ್ತಿದ ಮೇಲೆ ಬಿಡಬಹುದು, ಕುಡಿಯನ್ನು ಬಿಟ್ಟರೆ ಕತ್ತಲೆ.

ದೀಪದ ಮಾತು ಬಂದದ್ದರಿಂದ ಮತ್ತೆ ಅಜ್ಜಿಯ ಬಳಿಗೆ ಹೋಗುತ್ತೇನೆ. ಅವರ ಮುಂದೆ ‘ದೀಪ ಆರಿಸು’ ಎನ್ನುವಂತಿರಲಿಲ್ಲ, ‘ದೀಪ ದೊಡ್ಡದು ಮಾಡು’ ಎನ್ನಬೇಕಿತ್ತು. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎಂದರೆ ತಡೆದು ನಿಲ್ಲಿಸಿ, “ಬತ್ತೀನಿ ಅನ್ನು” ಎನ್ನುತ್ತಿದ್ದರು. ಹೋಗುವವನು ಬರುತ್ತೇನೆಂದು ಹೇಳಿ ಹೋಗಬೇಕು. ಆದರೆ ಸಾವಾದ ಮನೆಯಿಂದ ಹೊರಡುವಾಗ ಅದೇ ಮಾತನ್ನು ಆಡಬಾರದು, ಯಾರಿಗೂ ಹೇಳದೆ ಎದ್ದು ಬರಬೇಕು, ಏಕೆಂದರೆ ಅಂಥ ಮನೆಗೆ ‘ಮತ್ತೆ ಬರುತ್ತೇನೆ’ ಎಂಬುದರ ನೇರ ಅರ್ಥ ಇನ್ನೊಂದು ಸಾವು. ಅಂದರೆ ದಿನವೂ ನಾವು ನೇರ ಅರ್ಥವನ್ನು ಗಮನಿಸದೆ ಆಡುವ ಮಾತು, ಸಾವಿನ ಮನೆಯ ಹೊಸ್ತಿಲಲ್ಲಿ ಇದ್ದಕ್ಕಿದ್ದಂತೆ ತನ್ನ ನೇರ ಅರ್ಥಕ್ಕೆ ಹಿಂದಿರುಗಿ ನಮ್ಮನ್ನು ಹೆದರಿಸುತ್ತದೆ. ಅಲ್ಲಿ ನಾವೂ ದೆವ್ವದಂತೆಯೇ ಓದುತ್ತೇವೆ. ಇನ್ನು ಬಳೆ. ಅಮ್ಮನ ಕೈಯ ಗಾಜಿನ ಬಳೆ ಒಂದು ಸಲ ಒರಳಿಗೆ ತಾಗಿ ಒಡೆದಾಗ ನಾನು “ಬಳೆ ಒಡೀತು” ಎಂದು ಕೂಗಿದ್ದಕ್ಕೆ ಅಜ್ಜಿ, “ಒಡೀತು ಅನ್ಬಾರ್ದು ಕಣಪ್ಪ, ಹೆಚ್ಚಿತು ಅನ್ಬೇಕು” ಎಂದರು. ಅಜ್ಜಿಯ ಕೈಯಲ್ಲಿ ಆಗ ಬಳೆ ಇರಲಿಲ್ಲ. ತಾತ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರ ಬಳೆಗಳನ್ನು ತೆಗೆದ ದಿನ ಆ ಕೆಲಸಕ್ಕೆ ಯಾವ ಪದ ಬಳಸಿದರೋ ನಾನು ಕೇಳಲಿಲ್ಲ.

ನಮ್ಮ ಹಳ್ಳಿಯ ಕೆರೆ ಏರಿಯ ಕೆಳಗೆ ಎರಡು ಕಲ್ಲುಗಳಿದ್ದವು. ಒಂದು ವೀರಗಲ್ಲು. ನಮ್ಮ ಸೀಮೆಯ ಹಲವು ವೀರಗಲ್ಲುಗಳಂತೆ ಅದರಲ್ಲಿ ಮೂರು ಪಟ್ಟಿಕೆಗಳು. ಕೆಳಗೆ ಕತ್ತಿ ಹಿಡಿದವನೊಬ್ಬ ಕಾದುತ್ತಿದ್ದಾನೆ, ಪಕ್ಕದಲ್ಲಿ ದನಗಳಿವೆ, ತುರುಗಳನ್ನು ಬಿಡಿಸಲು ಹೋಗಿ ಬಿದ್ದವನಿರಬೇಕು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕುಳಿತಿದ್ದಾನೆ. ನೆತ್ತಿಯ ಮೇಲೆ ಸೂರ್ಯ ಚಂದ್ರ, ಅವರಿರುವವರೆಗೂ ಈ ಕೀರ್ತಿ ಇರಲಿ ಎಂದು. ವಾಚ್ಯ, ಲಕ್ಷ್ಯ, ವ್ಯಂಗ್ಯ ಎಂದು ಕಪ್ಪು ಹಲಗೆಯ ಮೇಲೆ ನಾನು ಬರೆಯುವುದನ್ನು ಆ ಶಿಲ್ಪಿ ಕಲ್ಲಿನಲ್ಲೇ ಮೂರು ಅಂತಸ್ತು ಮಾಡಿಟ್ಟಿದ್ದಾನೆ ಎಂದು ಒಂದು ಕಾಲಕ್ಕೆ ನನಗೆ ಅನ್ನಿಸಿತ್ತು. ಈ ಕಲ್ಲಿನ ಒಂದು ಪ್ರಾಮಾಣಿಕತೆಯೆಂದರೆ ಕೆಳಗಿನ ಪಟ್ಟಿಕೆಯನ್ನು ಅದು ಅಳಿಸುವುದಿಲ್ಲ. ಸ್ವರ್ಗ ಎಷ್ಟೇ ಎತ್ತರದಲ್ಲಿದ್ದರೂ, ಬುಡದಲ್ಲಿ ಮನುಷ್ಯನೊಬ್ಬ ಹೊಡೆದಾಡುತ್ತಲೇ ಇರುತ್ತಾನೆ.

ಇನ್ನೊಂದು ಕಲ್ಲು ಮಾಸ್ತಿಕಲ್ಲು. ಅದರಲ್ಲಿ ಪಟ್ಟಿಕೆಗಳಿಲ್ಲ. ಕಂಬದಂಥ ಕಲ್ಲಿನಿಂದ ಒಂದು ಬಲಗೈ ಹೊರಚಾಚಿ, ಮೊಣಕೈಯಲ್ಲಿ ಮಡಿಸಿ, ಅಂಗೈಯನ್ನು ನಮ್ಮತ್ತ ತಿರುಗಿಸಿ ನಿಂತಿದೆ. ಹೆಬ್ಬೆರಳಿನ ಸಂದಿಯಲ್ಲಿ ಒಂದು ನಿಂಬೆಹಣ್ಣು, ಮುಂಗೈಯಲ್ಲಿ ಸಾಲಾಗಿ ಬಳೆಗಳು. ನೋಡಿದ್ದನ್ನು ನೋಡಿದ ಹಾಗೆ ಹೇಳಿದರೆ ಇದು ಬಳೆ ತೊಟ್ಟ ಒಂದು ಕೈ. ಬಳೆ ಇರುವುದರಿಂದ ಮುತ್ತೈದೆಯ ಕೈ. ಅದು ಇಲ್ಲಿ ಏಕೆ ನಿಂತಿದೆ ಎಂದು ತಿಳಿದವರಿಗೆ, ಗಂಡನ ಚಿತೆ ಏರಿದ್ದರಿಂದ ಬಳೆ ತೆಗೆಯುವ ದಿನವನ್ನೇ ಕಾಣದೆ ಹೋದವಳ ಕೈ. ಊರಿನವರಿಗೆ ಇದೆಲ್ಲ ಯಾವುದೂ ಅಲ್ಲ, ಅದು ಮಾಸ್ತಮ್ಮ. ಅಜ್ಜಿ ವರ್ಷಕ್ಕೊಮ್ಮೆ ಅವಳಿಗೆ ಅರಿಸಿನ ಕುಂಕುಮ ಹಚ್ಚಿ, ಹಸಿರು ಬಳೆ ಇಟ್ಟು, ಕರ್ಪೂರ ಬೆಳಗುತ್ತಿದ್ದರು. ಬಳೆ ತೊಡಲಾಗದ ಹೆಂಗಸು ಬಳೆ ಕಳಚದ ಕೈಗೆ ಬಳೆ ಕೊಡುವುದನ್ನು ನಾನು ಹತ್ತಾರು ಸಲ ಪಕ್ಕದಲ್ಲಿ ನಿಂತು ನೋಡಿದ್ದೇನೆ, ಆಗ ನನಗೆ ಅದರಲ್ಲಿ ವಿಶೇಷವೇನೂ ಕಾಣಿಸಲಿಲ್ಲ. ಕಾಣಿಸದಂತೆ ಮಾಡುವುದೇ ಪುರಾಣದ ಕೆಲಸ ಎಂಬುದು ಬಾರ್ತ್‌ನನ್ನು ಓದಿದ ಮೇಲೆ ತಿಳಿಯಿತೇ ಹೊರತು ಅಜ್ಜಿಯನ್ನು ನೋಡಿ ಅಲ್ಲ, ಇದು ನಾನು ಒಪ್ಪಿಕೊಳ್ಳಬೇಕಾದ ಸಂಗತಿ.

ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಯುದ್ಧವಿದೆ. ನಮ್ಮೂರಿನ ಈ ಕಲ್ಲಿನಲ್ಲಿ ಬೆಂಕಿ ಇಲ್ಲ. ಅವಳ ಮುಖವೂ ಇಲ್ಲ, ಹೆಸರೂ ಇಲ್ಲ. ‘ಬಳೆ ಹೆಚ್ಚಿತು’ ಎಂಬ ಮಾತು ಒಡೆದದ್ದನ್ನು ಹೇಗೆ ಬಾಯಿಂದ ಹೊರಗಿಡುತ್ತದೋ ಹಾಗೆಯೇ ಈ ಕಲ್ಲು ಸುಟ್ಟದ್ದನ್ನು ಹೊರಗಿಟ್ಟಿದೆ. ಎಲ್ಲ ಕಡೆಯೂ ಹೀಗಿಲ್ಲ ಎಂಬುದನ್ನೂ ಹೇಳಬೇಕು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ಗಂಡ ಏಚ ಅರಸನ ಆಜ್ಞೆಯಂತೆ ಕೊಲ್ಲಲ್ಪಟ್ಟ ಸುದ್ದಿ ಕೇಳಿ ಬೆಂಕಿಗೆ ಬಿದ್ದ ದೇಕಬ್ಬೆಯ ಶಾಸನ ಅದು. ಅವಳನ್ನು ಹೊಗಳಲೆಂದೇ ಬರೆದ ಆ ಪದ್ಯಗಳ ನಡುವೆ, ತಂದೆತಾಯಿಯರು ಬೇಡವೆಂದು ತಡೆದರು ಎಂಬ ವಿವರವೂ ಸೇರಿಕೊಂಡಿದೆ. ಅವಳ ದೃಢತೆಯನ್ನು ಎತ್ತಿ ತೋರಿಸಲು ಕವಿ ಅದನ್ನು ಇಟ್ಟಿರಬಹುದು. ನನಗೆ ಮಾತ್ರ ಅದನ್ನು ಓದಿದಾಗಲೆಲ್ಲ ಕೇಳಿಸುವುದು ಮಗಳನ್ನು ತಡೆಯುವ ತಾಯಿತಂದೆಯರ ದನಿಯೇ. ಅಲ್ಲಿ ಧ್ವನಿಯನ್ನು ಹುಡುಕಬೇಕಾಗಿಲ್ಲ. ‘ಬೇಡ’ ಎಂದರೆ ‘ಬೇಡ’ ಎಂದೇ.

ಕೆಲವು ವರ್ಷಗಳ ಹಿಂದೆ ಏರಿಯ ಪಕ್ಕದ ರಸ್ತೆಯನ್ನು ಅಗಲ ಮಾಡಿದರು. ಅಳತೆಗೆ ಬಂದವರು ಮಾಸ್ತಿಕಲ್ಲಿನ ಬುಡದಲ್ಲಿ ಕೆಂಪು ಬಣ್ಣದಿಂದ ಒಂದು ಅಂಕಿಯನ್ನೂ, ರಸ್ತೆಯ ಅಂಚು ಎಲ್ಲಿಗೆ ಬರುತ್ತದೆ ಎಂದು ತೋರಿಸುವ ಒಂದು ಬಾಣದ ಗುರುತನ್ನೂ ಬರೆದು ಹೋದರು. ಊರಿನವರು ತಕರಾರು ಮಾಡಿ, ಕೊನೆಗೆ ಕ್ರೇನು ತರಿಸಿ, ಎರಡೂ ಕಲ್ಲುಗಳನ್ನು ಎತ್ತಿ ಈಚೆಗೆ ಅರಳಿಕಟ್ಟೆಯ ಹತ್ತಿರ ನೆಟ್ಟರು. ನೆಡುವಾಗ ಮಾಸ್ತಿಕಲ್ಲು ಸ್ವಲ್ಪ ತಿರುಗಿತು, ಹಾಗಾಗಿ ಬಾಣ ಈಗ ಯಾವ ರಸ್ತೆಯನ್ನೂ ತೋರಿಸುವುದಿಲ್ಲ. ಹೋದ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ ನೋಡಿದೆ. ಕಲ್ಲಿನ ಸುತ್ತ ಸಿಮೆಂಟ್ ಕಟ್ಟೆ ಬಂದಿದೆ, ಕೈಗೆ ಬೆಳ್ಳಿಯ ಬಣ್ಣ ಬಳಿದಿದ್ದಾರೆ, ಬುಡವನ್ನು ತೊಳೆದು ಅರಿಸಿನ ಹಚ್ಚಿದ್ದಾರೆ, ಆದರೆ ಆ ಕೆಂಪು ಬಾಣವನ್ನು ಯಾರೂ ಅಳಿಸಿಲ್ಲ. ಅದರ ಎರಡೂ ಕಡೆ ಕುಂಕುಮದ ಬೊಟ್ಟಿಟ್ಟಿದ್ದರು. ಊರಿಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ತಟ್ಟೆ ಹಿಡಿದು ಬಂದವಳು ಯಾವ ಕಡೆಯಿಂದ ಸುತ್ತಬೇಕೆಂದು ಒಂದು ಕ್ಷಣ ತಡೆದು, ಬಾಣವನ್ನು ನೋಡಿ, ಅದು ತೋರಿಸುವ ಕಡೆಯಿಂದ ಪ್ರದಕ್ಷಿಣೆ ಹೊರಟಳು. ಅವಳ ಹಿಂದೆ ಬಂದವರೂ ಹಾಗೆಯೇ ಹೋದರು.